ಕೊಡಗಿನ ಗ್ರಾಮ ಪಂಚಾಯಿತಿಗೆ ಕಾಲೇಜು ವಿದ್ಯಾರ್ಥಿಗಳು ನೆರವಾಗುವುದು ಹೇಗೆ?

ಕೊಡಗಿನ ಯಾವುದಾದರೂ ಗ್ರಾಮ ಪಂಚಾಯಿತಿ ಕಚೇರಿಗೆ ಹೋಗಿ ನೋಡಿ. ಒಬ್ಬ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಒಬ್ಬ ಕಾರ್ಯದರ್ಶಿ, ಬಿಲ್ ಕಲೆಕ್ಟರ್, ಕಂಪ್ಯೂಟರ್ ಮುಂದೆ ಒಬ್ಬರು, ಊರಿಗೆ ನೀರು ಬಿಡುತ್ತ ಓಡಾಡುವ ಕೆಲವು ನೀರುಗಂಟಿಗಳು. ಇಂಜಿನಿಯರ್ ಅಲ್ಲಿ ಕೂರುವುದಿಲ್ಲ. ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದಿಂದ ಬರುವ ಕಿರಿಯ ಇಂಜಿನಿಯರ್ ಒಬ್ಬರೇ ಹಲವು ಪಂಚಾಯಿತಿಗಳನ್ನು ನೋಡಿಕೊಳ್ಳಬೇಕು. ರಸ್ತೆ, ಅದರಡಿ ನೀರು ದಾಟಿಸುವ ಮೋರಿ, ಚರಂಡಿ, ಕುಡಿಯುವ ನೀರು, ಬೀದಿ ದೀಪ, ಕಸ ಎಲ್ಲವೂ ಈ ನಾಲ್ಕೈದು ಜನರ ತಲೆಯ ಮೇಲೆ. ಸಂವಿಧಾನದ 73ನೇ ತಿದ್ದುಪಡಿಯಾದ ಮೇಲೆ ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳೇ 29. ಅಳತೆ ಹಿಡಿದು ಊರೆಲ್ಲ ಸುತ್ತಲು ಅಲ್ಲಿ ಯಾರಿಗೂ ಪುರುಸೊತ್ತಿಲ್ಲ.

ಇದೇ ಜಿಲ್ಲೆಯಲ್ಲಿ ಕುಶಾಲನಗರದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿದೆ, ಪೊನ್ನಂಪೇಟೆಯಲ್ಲಿ ಕೂರ್ಗ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಮತ್ತು ಅರಣ್ಯ ಮಹಾವಿದ್ಯಾಲಯ ಇವೆ, ಚಿಕ್ಕ ಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯವಿದೆ, ಮಡಿಕೇರಿಯಲ್ಲಿ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಕಾಲೇಜಿದೆ. ಪ್ರತಿ ವರ್ಷ ನೂರಾರು ಮಕ್ಕಳು ಪ್ರಾಜೆಕ್ಟ್ ವರದಿ ಬರೆಯುತ್ತಾರೆ. ಬಹುಪಾಲು ವರದಿಗಳು ಬೈಂಡ್ ಆಗಿ ಕಪಾಟು ಸೇರುತ್ತವೆ. ಅವುಗಳಲ್ಲಿ ಕೆಲವಾದರೂ ಪಕ್ಕದೂರಿನ ಮೋರಿಯ ಅಳತೆಯಾಗಿದ್ದರೆ ಎಷ್ಟು ಚೆನ್ನಾಗಿತ್ತು! ಅಂಥ ಕೆಲಸ ಕೈಗೆತ್ತಿಕೊಳ್ಳುವ ವಿದ್ಯಾರ್ಥಿಗಳಿಗೂ ಅವರ ಹಿಂದೆ ನಿಲ್ಲುವ ಅಧ್ಯಾಪಕರಿಗೂ ಈ ಬರಹ.

ಮೊದಲು ಕಾಲ ಕೂಡಿಸಿಕೊಳ್ಳಿ

ಇಂಥ ಕೆಲಸಗಳು ಕೆಡುವುದು ಹೆಚ್ಚಾಗಿ ಕಾಲ ತಪ್ಪಿ. ಕಾಲೇಜಿಗೆ ಸೆಮಿಸ್ಟರ್ ಇದ್ದಂತೆ ಪಂಚಾಯಿತಿಗೂ ಒಂದು ವರ್ಷಚಕ್ರವಿದೆ. ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆ ತಯಾರಿಸುವ ಅಭಿಯಾನ ಸಾಮಾನ್ಯವಾಗಿ ಅಕ್ಟೋಬರ್ 2ರಂದು ಶುರುವಾಗಿ ಜನವರಿ ಕೊನೆಯವರೆಗೆ ನಡೆಯುತ್ತದೆ. ಮುಂದಿನ ವರ್ಷ ಯಾವ ಕೆಲಸಕ್ಕೆ ಹಣ ಎಂಬುದು ಆಗಲೇ ಪಟ್ಟಿಯಾಗಿ, ಇ-ಗ್ರಾಮ್ ಸ್ವರಾಜ್ ತಾಣಕ್ಕೆ ಏರುತ್ತದೆ. ನೀವು ಮೇ ತಿಂಗಳಲ್ಲಿ ಎಂಥ ಒಳ್ಳೆಯ ವರದಿ ಕೊಟ್ಟರೂ ಪಿಡಿಒ ಅದನ್ನು ಪ್ರೀತಿಯಿಂದಲೇ ಬೀರುವಿಗೆ ಇಡುತ್ತಾರೆ. ಬೇರೆ ದಾರಿ ಅವರಿಗಿಲ್ಲ.

ಇದರ ಜೊತೆಗೆ ಮಳೆ ಮತ್ತು ಕಾಫಿಯ ಲೆಕ್ಕವೂ ಸೇರಬೇಕು. ನೀರು ಎಲ್ಲಿ ನುಗ್ಗುತ್ತದೆ, ಎಲ್ಲಿ ರಸ್ತೆ ಹತ್ತುತ್ತದೆ ಎಂದು ಕಣ್ಣಿಗೆ ಕಾಣುವುದು ಜುಲೈ, ಆಗಸ್ಟ್‌ನಲ್ಲಿ. ಆಗ ಸುರಕ್ಷಿತ ಜಾಗದಲ್ಲಿ ನಿಂತು ತೆಗೆದ ಒಂದು ಫೋಟೋಗೆ ಡಿಸೆಂಬರಿನ ಹತ್ತು ಪುಟದ ವಿವರಣೆಗಿಂತ ಬೆಲೆ ಹೆಚ್ಚು. ಅಳತೆಯ ಕೆಲಸಕ್ಕೆ ಅಕ್ಟೋಬರ್ ಒಳ್ಳೆಯದು. ಕಾವೇರಿ ಸಂಕ್ರಮಣ ಕಳೆಯುವ ಹೊತ್ತಿಗೆ ಮಳೆ ಕಡಿಮೆಯಾಗಿರುತ್ತದೆ, ತೋಡುಗಳಲ್ಲಿ, ಅಂದರೆ ಸಣ್ಣ ಹಳ್ಳಗಳಲ್ಲಿ, ನೀರು ಇನ್ನೂ ಹರಿಯುತ್ತಿರುತ್ತದೆ. ನವೆಂಬರ್ ಕೊನೆಯ ಮೇಲೆ ಅರೇಬಿಕಾ ಕೊಯ್ಲು, ಹೊಸ ವರ್ಷದ ಬಳಿಕ ರೊಬಸ್ಟಾ. ಹಗಲು ಹೊತ್ತು ಮನೆಯಲ್ಲಿ ಯಾರೂ ಸಿಗುವುದಿಲ್ಲ. ಸುಗ್ಗಿ ಹಬ್ಬ ಪುತ್ತರಿಯ ಸಮಯದಲ್ಲಂತೂ ಸಭೆ ಕರೆಯಲೇಬೇಡಿ. ಕುಡಿಯುವ ನೀರಿನ ಮೂಲ ಅಳೆಯುವುದಾದರೆ ಮಾರ್ಚ್, ಏಪ್ರಿಲ್ ಬಿಟ್ಟರೆ ಬೇರೆ ಕಾಲವಿಲ್ಲ. ಮಳೆಗಾಲದ ಒರತೆ ಎಲ್ಲರಿಗೂ ಸಾಲುವಂತೆಯೇ ಕಾಣುತ್ತದೆ.

ಪತ್ರ, ಒಪ್ಪಿಗೆ, ನಿರ್ಣಯ

ಪ್ರಾಂಶುಪಾಲರ ಪತ್ರವೊಂದು ಪಂಚಾಯಿತಿ ಅಧ್ಯಕ್ಷರಿಗೂ ಪಿಡಿಒಗೂ ಹೋಗಲಿ, ಅದರ ನಕಲು ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ. ಯಾವ ವಾರ್ಡ್, ಯಾವ ಕೆಲಸ, ಎಷ್ಟು ಮಂದಿ, ಯಾವ ತಿಂಗಳು ಎಂಬುದು ಅದರಲ್ಲಿರಲಿ. ಪತ್ರ ಕೊಟ್ಟು ಬಂದರಷ್ಟೇ ಸಾಲದು. ಅದನ್ನು ಪಂಚಾಯಿತಿಯ ಸಾಮಾನ್ಯ ಸಭೆಯ ಮುಂದಿಟ್ಟು, ನಡಾವಳಿ ಪುಸ್ತಕದಲ್ಲಿ ನಿರ್ಣಯವಾಗಿ ಬರೆಸಿ. ಪಿಡಿಒಗೆ ಯಾವಾಗ ಬೇಕಾದರೂ ವರ್ಗವಾಗಬಹುದು, ಅಧ್ಯಕ್ಷರ ಅವಧಿ ಮುಗಿಯಬಹುದು. ನಡಾವಳಿಯಲ್ಲಿ ಬರೆದದ್ದು ಉಳಿಯುತ್ತದೆ.

ಕಾಲೇಜಿನ ಕಡೆಯಿಂದ ಹೊಸದೇನನ್ನೂ ಹುಟ್ಟುಹಾಕಬೇಕಿಲ್ಲ. ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಸ್ವಯಂಸೇವಕರು ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಮಾಡಬೇಕು, ಜೊತೆಗೆ ಏಳು ದಿನಗಳ ವಿಶೇಷ ಶಿಬಿರ. 2014ರಲ್ಲಿ ಶುರುವಾದ ಉನ್ನತ ಭಾರತ ಅಭಿಯಾನಕ್ಕೆ ಸೇರಿದ ಸಂಸ್ಥೆಗಳು ಹಳ್ಳಿಗಳನ್ನು ದತ್ತು ಪಡೆಯುತ್ತವೆ. ಇಂಜಿನಿಯರಿಂಗ್‌ನಲ್ಲಿ ಇಂಟರ್ನ್‌ಶಿಪ್, ಕೊನೆಯ ವರ್ಷದ ಪ್ರಾಜೆಕ್ಟ್ ಹೇಗೂ ಇವೆ. ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯ 2009ರಲ್ಲಿ ಹೂಡಿದ ಯೋಜನೆಯ ಜಾಣತನವೂ ಇಲ್ಲೇ ಇತ್ತು. ಒಂದು ವರ್ಷಕ್ಕೆ ಒಂದು ಊರನ್ನು ಹಿಡಿದು, ಆಗಲೇ ನಡೆಯುತ್ತಿರುವ ಬೇರೆ ಬೇರೆ ಕೋರ್ಸ್‌ಗಳ ಪಾಠಕ್ಕೆ ಆ ಊರಿನ ಸಮಸ್ಯೆಗಳನ್ನೇ ಹಂಚಿದರು. ನಮ್ಮಲ್ಲೂ ಸರ್ವೇ ಪ್ರಾಕ್ಟಿಕಲ್ ಅನ್ನು ಕಾಲೇಜಿನ ಮೈದಾನದ ಬದಲು ಪಂಚಾಯಿತಿ ರಸ್ತೆಯಲ್ಲಿ ಮಾಡಿಸಿದರೆ ಅರ್ಧ ಕೆಲಸ ಮುಗಿದಂತೆ.

ಒಂದೇ ಕೆಲಸ ಆರಿಸಿ, ಪೂರ್ತಿ ಮುಗಿಸಿ

‘ಮಾದರಿ ಗ್ರಾಮ ಯೋಜನೆ’ ಎಂದು ಹೊರಟವರು ಕೊನೆಗೆ ಊರಿನ ಜನಸಂಖ್ಯೆ, ಬೆಳೆ, ದೇವಸ್ಥಾನಗಳ ಪಟ್ಟಿ ಕೊಟ್ಟು ಬರುತ್ತಾರೆ. ಪಂಚಾಯಿತಿಗೆ ಅದೆಲ್ಲ ಗೊತ್ತಿರುವುದೇ. ಗೊತ್ತಿಲ್ಲದ್ದು ಬೇರೆ: ಒಂದು ವಾರ್ಡಿನಲ್ಲಿ ಒಟ್ಟು ಮೋರಿಗಳೆಷ್ಟು, ಯಾವುದರ ಬಾಯಿ ಎಷ್ಟು ಅಗಲ, ಯಾವುದು ಕಟ್ಟಿಕೊಳ್ಳುತ್ತದೆ. ಕುಡಿಯುವ ನೀರಿನ ಪೈಪು ನೆಲದಡಿಯಲ್ಲಿ ಎಲ್ಲೆಲ್ಲಿ ಹೋಗಿದೆ, ವಾಲ್ವ್ ಎಲ್ಲಿದೆ. ಯಾವ ಕಂಬದ ದೀಪ ಉರಿಯುವುದಿಲ್ಲ. ಅಂಗನವಾಡಿಗೆ ಹೋಗುವ ದಾರಿಯಲ್ಲಿ ಮಕ್ಕಳು ಎಲ್ಲಿ ತೋಡು ದಾಟುತ್ತಾರೆ. ಇಂಥದ್ದರಲ್ಲಿ ಒಂದನ್ನು ಹಿಡಿಯಿರಿ. ಯಾವುದೆಂದು ನಿರ್ಧರಿಸುವ ಮೊದಲು ಪಿಡಿಒ ಅವರನ್ನು ನೇರವಾಗಿ ಕೇಳಿ: “ಸರ್, ಯಾವ ದೂರು ಪ್ರತಿ ವರ್ಷ ಬರುತ್ತೆ, ಆದ್ರೆ ಕಾಗದದ ಮೇಲೆ ಲೆಕ್ಕ ಇಲ್ಲ?” ಸಿಗುವ ಉತ್ತರವೇ ನಿಮ್ಮ ಪ್ರಾಜೆಕ್ಟ್.

ಹಣ ಯಾವ ಬಾಬಿನಿಂದ ಬರಬಹುದು ಎಂದೂ ಆಗಲೇ ಕೇಳಿಟ್ಟುಕೊಳ್ಳಿ. 2021ರಿಂದ 2026ರ ಅವಧಿಯ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿತ್ತು. ಮೋರಿ, ಕಾಲುದಾರಿಯಂಥವು ಉಳಿದ ಶೇ. 40ರಲ್ಲಿ ಪೈಪೋಟಿ ಮಾಡಬೇಕಿತ್ತು. ಇಂಥ ಕಟ್ಟುಪಾಡು ತಿಳಿದಿದ್ದರೆ ನಿಮ್ಮ ಶಿಫಾರಸು ಗಾಳಿಯಲ್ಲಿ ತೇಲುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ನನ್ನ ಮಾತು ಖಡಾಖಂಡಿತ. ಗುಡ್ಡ ಕುಸಿಯುತ್ತದೆಯೋ ಇಲ್ಲವೋ ಎಂದು ತೀರ್ಪು ಕೊಡುವ ಕೆಲಸ ವಿದ್ಯಾರ್ಥಿಗಳದ್ದಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ, 2019ರಲ್ಲಿ ತೋರದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಆದ ಭೂಕುಸಿತಗಳನ್ನು ಕಂಡ ಜಿಲ್ಲೆ ಇದು. “ಕಾಲೇಜಿನವರು ಬಂದು ಏನೂ ಆಗಲ್ಲ ಅಂದ್ರು” ಎಂಬ ಒಂದು ಮಾತನ್ನು ನಂಬಿ ಒಂದು ಮನೆಯವರು ಮಳೆಗಾಲದಲ್ಲಿ ಅಲ್ಲೇ ಉಳಿದರೆ ಅದರ ಹೊಣೆ ಹೊರಲು ಯಾರಿಂದಲೂ ಆಗದು. ಆ ಕೆಲಸಕ್ಕೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ಪರಿಣತರಿದ್ದಾರೆ. ನೀವು ಮಾಡಬಹುದಾದದ್ದು ಇಷ್ಟು: ನೆಲದಲ್ಲಿ ಬಿಟ್ಟ ಬಿರುಕು, ವಾಲಿದ ಮರ, ಗುಡ್ಡದ ಕಡಿದಾದ ಬದಿಯಲ್ಲಿ ಹೊಸದಾಗಿ ಒಸರುವ ಕೆಸರು ನೀರು ಕಂಡರೆ ಜಾಗ, ದಿನಾಂಕ, ಫೋಟೋ ಸಮೇತ ಅದೇ ದಿನ ಪಂಚಾಯಿತಿಗೂ ತಹಶೀಲ್ದಾರರ ಕಚೇರಿಗೂ ಬರೆದು ತಿಳಿಸುವುದು. ವರದಿ ಮುಗಿಯಲೆಂದು ಕಾಯಬೇಡಿ.

ನೀರುಗಂಟಿಯ ಹಿಂದೆ ನಡೆಯಿರಿ

ಮೋರಿಗಳ ಪಟ್ಟಿಯನ್ನೇ ಉದಾಹರಣೆಯಾಗಿ ಹಿಡಿಯೋಣ. ಬೇಕಾದದ್ದು ಹೆಚ್ಚೇನಿಲ್ಲ: 30 ಮೀಟರ್ ಟೇಪು, ಜಿಪಿಎಸ್ ಇರುವ ಮೊಬೈಲು, ನೋಟ್‌ಪುಸ್ತಕ, ಒಂದು ಕತ್ತಿ, ಜಿಗಣೆಗೆ ಉಪ್ಪು ಅಥವಾ ಸುಣ್ಣ. ಕಾಲೇಜಿನಿಂದ ಆಟೋ ಲೆವೆಲ್ ಎಂಬ ಮಟ್ಟ ಅಳೆಯುವ ಉಪಕರಣ ಸಿಕ್ಕರೆ ಇಳಿಜಾರು ಸರಿಯಾಗಿ ಸಿಗುತ್ತದೆ. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ನಕ್ಷೆ ಅಂತರ್ಜಾಲದಲ್ಲಿ ಸಿಗುತ್ತದೆ. ಅದನ್ನು ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶದಲ್ಲಿ ಹಾಕಿ, ನೀವು ಗುರುತಿಸಿದ ಜಾಗಗಳನ್ನು ಅದರ ಮೇಲೆ ಕೂರಿಸಬಹುದು. ಆನೆ ಓಡಾಡುವ ಕಡೆಗಳಲ್ಲಿ ಬಿಸಿಲು ಚೆನ್ನಾಗಿ ಏರುವ ಮೊದಲು ಹೊರಡಬೇಡಿ, ಸಂಜೆ ಕತ್ತಲಾಗುವ ಮುಂಚೆಯೇ ಮರಳಿ. ಅರಣ್ಯ ಇಲಾಖೆಯ ಸ್ಥಳೀಯ ಸಿಬ್ಬಂದಿಗೆ ಬೆಳಿಗ್ಗೆಯೇ ಒಂದು ಫೋನ್ ಮಾಡಿ ಆನೆ ಎಲ್ಲಿದೆ ಎಂದು ಕೇಳುವುದು ಇಲ್ಲಿನ ವಾಡಿಕೆ. ತೋಟದೊಳಗೆ ಕಾಲಿಡುವ ಮುನ್ನ ಮಾಲೀಕರನ್ನೋ ತೋಟದ ಲೆಕ್ಕ ನೋಡುವ ರೈಟರನ್ನೋ ಕೇಳಿ.

ದಾರಿ ತೋರಿಸಲು ನೀರುಗಂಟಿಯನ್ನು ಕರೆದುಕೊಳ್ಳಿ. ಅವರ ಅರ್ಧ ದಿನದ ಕೆಲಸ ಕೆಡುತ್ತದಾದ್ದರಿಂದ ಪಿಡಿಒ ಒಪ್ಪಿಗೆ ಇರಲಿ. ಒಮ್ಮೆ ಹೀಗೇ ಸುತ್ತುವಾಗ ರಸ್ತೆಗೆ ಪ್ರತಿ ಮಳೆಗಾಲ ನೀರು ಹತ್ತುವ ಜಾಗದಲ್ಲಿ ಮಕ್ಕಳು ಪೈಪಿನ ವ್ಯಾಸ ಅಳೆದು “ಮೋರಿ ಸಣ್ಣದಾಯ್ತು” ಎಂದು ಬರೆದುಕೊಳ್ಳುತ್ತಿದ್ದರು. ನೀರುಗಂಟಿ ಅಣ್ಣ ಕತ್ತಿಯಿಂದ ಕಾಡು ಸವರಿ ಮೇಲ್ಬದಿ ತೋರಿಸಿದರು. “ಸಣ್ಣದಾಗಿದ್ದಲ್ಲ ಮಕ್ಕಳೇ, ತೋಡು ಬರೋದು ಅಲ್ಲಿಂದ, ಮೋರಿ ಬಾಯಿ ಇರೋದು ಇಲ್ಲಿ. ನೀರು ತಿರುಗೋ ಮೊದ್ಲೇ ರಸ್ತೆ ಹತ್ತುತ್ತೆ.” ತೋಡಿಗೂ ಮೋರಿಯ ಬಾಯಿಗೂ ನಡುವೆ ನಾಲ್ಕು ಮಾರು ಅಂತರ, ನಡುವೆ ಸಿಲ್ವರ್ ಓಕ್ ಎಲೆಯೂ ಮಣ್ಣೂ ಸೇರಿ ಕಟ್ಟಿದ ದಿಣ್ಣೆ. ದೊಡ್ಡ ಪೈಪು ಹಾಕಿದ್ದರೂ ಅಲ್ಲಿ ಪ್ರಯೋಜನವಿರುತ್ತಿರಲಿಲ್ಲ; ಮೇಲ್ಬದಿಯಲ್ಲಿ ನೀರನ್ನು ಬಾಯಿಗೆ ತಿರುಗಿಸುವ ಒಂದು ಗೋಡೆ ಬೇಕಿತ್ತು. ಆದ್ದರಿಂದ ಪ್ರತಿ ಮೋರಿಯ ಮೇಲ್ಬದಿ, ಕೆಳಬದಿ ಎರಡರ ಫೋಟೋವೂ ಇರಲಿ. ಕೆಳಬದಿಯಲ್ಲಿ ನೀರು ಯಾರ ಗದ್ದೆಗೆ ಬೀಳುತ್ತದೆ ಎಂಬುದನ್ನು ಬರೆದುಕೊಳ್ಳದೆ ಬರಬೇಡಿ. ಮುಂದಿನ ಜಗಳ ಅಲ್ಲಿಂದಲೇ ಏಳುತ್ತದೆ.

ಗಾತ್ರ ಸಾಲುತ್ತದೆಯೇ ಎಂದು ನೋಡಲು ಪಠ್ಯದಲ್ಲಿರುವ ಸರಳ ಸೂತ್ರವೇ ಸಾಕು. ಮೋರಿಗೆ ನೀರು ಬಂದು ಸೇರುವ ಜಾಗ 6 ಹೆಕ್ಟೇರ್, ಅಂದರೆ ಸುಮಾರು 15 ಎಕರೆ ಇದೆ ಎನ್ನಿ. ಬಿದ್ದ ಮಳೆಯಲ್ಲಿ ಅರ್ಧ ಹರಿದು ಬರುತ್ತದೆ, ಮಳೆಯ ರಭಸ ಗಂಟೆಗೆ 60 ಮಿಲಿಮೀಟರ್. 0.5ನ್ನು 60ರಿಂದ, ಆಮೇಲೆ 6ರಿಂದ ಗುಣಿಸಿ 360ರಿಂದ ಭಾಗಿಸಿದರೆ 0.5 ಘನ ಮೀಟರ್, ಅಂದರೆ ಸೆಕೆಂಡಿಗೆ 500 ಲೀಟರ್. ನೀರಿನ ವೇಗ ಸೆಕೆಂಡಿಗೆ 2 ಮೀಟರ್ ಎಂದುಕೊಂಡರೆ 450 ಮಿಲಿಮೀಟರ್ ಪೈಪಿನಲ್ಲಿ ಹೋಗುವುದು ಸುಮಾರು 320 ಲೀಟರ್, 600ರ ಪೈಪಿನಲ್ಲಿ ಸುಮಾರು 565. 600ರದ್ದು ಲೆಕ್ಕಕ್ಕೆ ಸಾಲುತ್ತದೆ, ಆದರೆ ಅರ್ಧ ಎಲೆ ತುಂಬಿದರೆ ಸಾಲದು. ನಮ್ಮ ತೋಟಗಳ ಕೆಳಗಿನ ಮೋರಿಗಳು ಅರ್ಧ ತುಂಬಿಯೇ ಇರುತ್ತವೆ ಎಂದುಕೊಂಡು ಲೆಕ್ಕ ಹಾಕುವುದೇ ಸರಿ ಎಂದು ನನ್ನ ಅಭಿಪ್ರಾಯ.

ಮಳೆಯ ಅಂಕಿಗಳಿಗೆ ಪರದಾಡಬೇಕಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಪಂಚಾಯಿತಿ ಮಟ್ಟದಲ್ಲೇ ಇವೆ. ಅದಕ್ಕೂ ಹಿಂದಿನ ಲೆಕ್ಕ ಬೇಕಾದರೆ ಹಳೆಯ ತೋಟದ ಮನೆಗಳ ಬಾಗಿಲು ತಟ್ಟಿ. ಕೊಡಗಿನಲ್ಲಿ ಬೆಳೆಗಾರರು ದಿನದಿನದ ಮಳೆಯನ್ನು ಇಂಚಿನಲ್ಲಿ ಬರೆದಿಡುವ ರೂಢಿ ಬಹಳ ಹಳೆಯದು. ಒಂದು ಇಂಚನ್ನು 25.4 ಮಿಲಿಮೀಟರ್ ಎಂದು ಬದಲಿಸಿಕೊಳ್ಳಿ. ಆದರೆ ದಿನದ ಮಳೆ ಬೇರೆ, ಒಂದು ಗಂಟೆಯ ರಭಸ ಬೇರೆ. ಮೋರಿಯ ಲೆಕ್ಕಕ್ಕೆ ಬೇಕಾದದ್ದು ಎರಡನೆಯದು. ಮಳೆ ಕಡಿಮೆಯಿರುವ ಕುಶಾಲನಗರದ ಅಂಕಿಯನ್ನು ಮಳೆ ಹೆಚ್ಚಿರುವ ಭಾಗಮಂಡಲಕ್ಕೆ ಹಾಕಿದರಂತೂ ಲೆಕ್ಕವೆಲ್ಲ ಮಣ್ಣುಪಾಲು.

ಕುಡಿಯುವ ನೀರಿನ ಒರತೆಯಾದರೆ ಇನ್ನೂ ಸುಲಭ. ಏಪ್ರಿಲ್‌ನಲ್ಲಿ 10 ಲೀಟರ್ ಬಕೆಟ್ ತುಂಬಲು 40 ಸೆಕೆಂಡು ಹಿಡಿದರೆ ದಿನಕ್ಕೆ 21,600 ಲೀಟರ್. 100 ಸೆಕೆಂಡು ಹಿಡಿದರೆ 8,640. ಜಲ ಜೀವನ್ ಮಿಷನ್‌ನ ಅಳತೆಗೋಲು ಒಬ್ಬರಿಗೆ ದಿನಕ್ಕೆ 55 ಲೀಟರ್. 40 ಮನೆಗಳಲ್ಲಿ 200 ಜನ ಇದ್ದರೆ 11,000 ಲೀಟರ್ ಬೇಕು. ಮೊದಲನೆಯ ಒರತೆಗೆ ರಾತ್ರಿಯ ನೀರು ಹಿಡಿದಿಡುವ ಟ್ಯಾಂಕಿ ಇದ್ದರೆ ಸಾಕು. ಎರಡನೆಯದಕ್ಕೆ ಇನ್ನೊಂದು ಮೂಲವನ್ನೇ ಹುಡುಕಬೇಕು. ಮೂರು ಸಲ ಅಳೆದು ಸರಾಸರಿ ತೆಗೆಯಿರಿ, ಸಮಯ ನೋಡುವವರು ಒಬ್ಬರೇ ಇರಲಿ.

ಜಾಗ ಯಾರದು?

ಕೊಡಗಿನಲ್ಲಿ ಈ ಪ್ರಶ್ನೆ ಬಿಟ್ಟು ಯಾವ ಕಟ್ಟಡವೂ ಏಳದು. ಜಮ್ಮ ಬಾಣೆ (ವಂಶಪಾರಂಪರ್ಯ ಹಕ್ಕಿನ ಗದ್ದೆಗೆ ಸೇರಿದ ಗುಡ್ಡದ ಜಾಗ), ಪೈಸಾರಿ (ಸರ್ಕಾರಿ ಪಾಳು ಭೂಮಿ), ದೇವರಕಾಡು, ಊರುಡುವೆ (ಊರಿನ ಸಾರ್ವಜನಿಕ ಜಾಗ), ಮೀಸಲು ಅರಣ್ಯ ಎಲ್ಲವೂ ಒಂದಕ್ಕೊಂದು ತಾಗಿಕೊಂಡಿವೆ. ಮೊಬೈಲಿನಲ್ಲಿ ‘ದಿಶಾಂಕ್’ ಆ್ಯಪ್ ತೆರೆದರೆ ನೀವು ನಿಂತ ಜಾಗದ ಸರ್ವೇ ನಂಬರ್ ಕಾಣುತ್ತದೆ. ಅದನ್ನು ಬರೆದುಕೊಳ್ಳಿ, ಆದರೆ ಗಡಿ ಇದೇ ಎಂದು ಯಾರೆದುರೂ ಹೇಳಬೇಡಿ. ಅದು ಭೂಮಾಪಕರ ಕೆಲಸ. ಜಮ್ಮ ಜಾಗದಲ್ಲಿ ಒಕ್ಕದ, ಅಂದರೆ ಕೊಡವ ಮನೆತನದ, ಹಲವರ ಹಕ್ಕು ಸೇರಿರುತ್ತದೆ. ಮನೆಯಲ್ಲಿ ಸಿಕ್ಕ ಒಬ್ಬರು ‘ಪೈಪು ಹಾಕಿ’ ಎಂದರೆ ಎಲ್ಲರ ಒಪ್ಪಿಗೆ ಸಿಕ್ಕಂತಲ್ಲ. ದೇವರಕಾಡಿನ ಒಳಗಿಂದ ದಾರಿ ಹತ್ತಿರವಾಗುತ್ತದೆಂಬ ಗೆರೆಯನ್ನು ನಕ್ಷೆಯಲ್ಲಿ ಎಳೆಯಲೇಬೇಡಿ.

ಹಾಡಿಗಳ, ಅಂದರೆ ಬುಡಕಟ್ಟು ಜನರ ವಸತಿಗಳ, ವಿಷಯದಲ್ಲಿ ಮಾತ್ರ ಬಹಳ ಜನರಿಗೆ ಗೊತ್ತಿಲ್ಲದ ಒಂದು ದಾರಿ ಇದೆ. ‘ಅರಣ್ಯ ಭೂಮಿ, ಏನೂ ಮಾಡಕ್ಕಾಗಲ್ಲ’ ಎಂಬ ಉತ್ತರ ಕೇಳಿ ಹಿಂತಿರುಗಬೇಡಿ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಸೆಕ್ಷನ್ ಶಾಲೆ, ಅಂಗನವಾಡಿ, ಕುಡಿಯುವ ನೀರು, ರಸ್ತೆ ಮುಂತಾದ 13 ಬಗೆಯ ಸೌಕರ್ಯಗಳಿಗೆ ಅರಣ್ಯ ಭೂಮಿ ಬಳಸಲು ಅವಕಾಶ ಕೊಡುತ್ತದೆ. ಪ್ರತಿ ಕೆಲಸಕ್ಕೆ ಬೇಕಾದ ಜಾಗ ಒಂದು ಹೆಕ್ಟೇರಿಗಿಂತ ಕಡಿಮೆ ಇರಬೇಕು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ, ಗ್ರಾಮ ಸಭೆಯ ಶಿಫಾರಸು ಬೇಕು. ಜಾಗದ ಅಳತೆ, ಮರಗಳ ಎಣಿಕೆ ಎರಡನ್ನೂ ಅರಣ್ಯ ಮಹಾವಿದ್ಯಾಲಯದ ಮಕ್ಕಳಿಗಿಂತ ಚೆನ್ನಾಗಿ ಮಾಡುವವರು ಯಾರು? ಜೇನುಕುರುಬರ, ಯರವರ ಹಾಡಿಯೊಂದಕ್ಕೆ ನೀರು ತರುವ ಅರ್ಜಿಯ ಜೊತೆ ಸರಿಯಾದ ನಕ್ಷೆ ಇದ್ದರೆ ಅದು ದೊಡ್ಡ ಉಪಕಾರ.

ಸಭೆಗೆ ಯಾರು ಬರಲಿಲ್ಲ ಎಂದು ನೋಡಿ

ಗ್ರಾಮ ಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು, ಅದಕ್ಕೂ ಮೊದಲು ವಾರ್ಡ್ ಸಭೆ. ನಿಮ್ಮ ನಕ್ಷೆಯನ್ನು ವಾರ್ಡ್ ಸಭೆಯಲ್ಲೇ ತೋರಿಸಿ. ಗ್ರಾಮ ಸಭೆಯಲ್ಲಿ ಗದ್ದಲ ಹೆಚ್ಚು, ಸಮಯ ಕಡಿಮೆ. ಪರದೆಯ ಮೇಲೆ ತೋರಿಸುವುದಕ್ಕಿಂತ ದೊಡ್ಡ ಹಾಳೆಯಲ್ಲಿ ಮುದ್ರಿಸಿ ನೆಲದ ಮೇಲೆ ಹಾಸಿದರೆ ಅಜ್ಜಂದಿರೂ ಬಗ್ಗಿ ಬೆರಳಿಟ್ಟು “ಈ ತೋಡು ಮೊದಲು ಹೀಗೆ ಹರೀತಿತ್ತು” ಎಂದು ತಿದ್ದುತ್ತಾರೆ. ಆ ತಿದ್ದುಪಡಿಗಳನ್ನು ಕೆಂಪು ಪೆನ್ನಿನಲ್ಲಿ ಅಲ್ಲೇ ಗುರುತಿಸಿ.

ತೋಟದ ಲೈನ್ ಮನೆಗಳಲ್ಲಿರುವ (ಸಾಲು ಮನೆಗಳ) ಕಾರ್ಮಿಕರು, ಹಾಡಿಯವರು ಹಗಲಿನ ಸಭೆಗೆ ಬರಲಾರರು. ಬಂದರೆ ಅಂದಿನ ಕೂಲಿ ಹೋಗುತ್ತದೆ. ಅವರ ಬಳಿಗೆ ಸಂತೆಯ ದಿನವೋ ಸಂಜೆಯೋ ನೀವೇ ಹೋಗಬೇಕು. ಕೊಡವ, ಅರೆಭಾಷೆ, ಮಲಯಾಳ, ಯರವ, ತುಳು ಹೀಗೆ ಒಂದೊಂದು ಬೀದಿಗೆ ಒಂದೊಂದು ಮಾತು. ತಂಡ ಕಟ್ಟುವಾಗ ಅಂಕ ನೋಡುವುದಕ್ಕಿಂತ ಈ ಮಾತು ಬಲ್ಲವರನ್ನು ಸೇರಿಸಿಕೊಳ್ಳಿ. ನೀರು ಹೊರುವವರು ಹೆಂಗಸರು, ಆದ್ದರಿಂದ ಹುಡುಗಿಯರು ತಂಡದಲ್ಲಿ ಇರಲೇಬೇಕು. ಆಧಾರ್ ನಂಬರ್, ಬ್ಯಾಂಕ್ ವಿವರ ಕೇಳಬೇಡಿ. ನಿಮಗೆ ಅದರಿಂದ ಆಗಬೇಕಾದ್ದೇನಿಲ್ಲ. ‘ಈ ಕೆಲಸ ಆಗೇ ಆಗುತ್ತೆ’ ಎಂಬ ಭರವಸೆಯನ್ನೂ ಕೊಡಬೇಡಿ.

ಒಪ್ಪಿಸುವುದು

ಪಂಚಾಯಿತಿಗೆ ಬೇಕಾದದ್ದು ನಿಮ್ಮ ಕಾಲೇಜಿಗೆ ಕೊಡುವ ವರದಿಯಲ್ಲ. ಕನ್ನಡದಲ್ಲಿ ಎರಡು ಪುಟ, ಒಂದು ನಕ್ಷೆ, ಒಂದು ಪಟ್ಟಿ ಸಾಕು. ಪಟ್ಟಿಯಲ್ಲಿ ಪ್ರತಿ ಜಾಗಕ್ಕೂ ಊರವರು ಕರೆಯುವ ಹೆಸರು, ಸರ್ವೇ ನಂಬರ್, ಉದ್ದ, ಅಗಲ, ಈಗಿನ ಸ್ಥಿತಿ, ಫೋಟೋ ಸಂಖ್ಯೆ. ಕೊನೆಗೆ ಮೊದಲು ಮಾಡಬೇಕಾದ ಮೂರು ಕೆಲಸ ಮಾತ್ರ ಹೆಸರಿಸಿ, ಪ್ರತಿಯೊಂದಕ್ಕೂ ಒಂದು ಸಾಲಿನ ಕಾರಣ. ಇಪ್ಪತ್ತು ಹೆಸರಿಸಿದರೆ ಆಯ್ಕೆ ಮತ್ತೆ ಗಟ್ಟಿ ದನಿಯವರ ಕೈಗೆ ಹೋಗುತ್ತದೆ.

ಅಂದಾಜು ಪಟ್ಟಿ ನೀವು ಮಾಡಬಹುದು, ಸರ್ಕಾರಿ ದರಪಟ್ಟಿ ಹಿಡಿದೇ ಮಾಡಿ. ಕಲಿಯಲು ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ಆದರೆ ಅದಕ್ಕೆ ಸಹಿ ಹಾಕಿ ತಾಂತ್ರಿಕ ಮಂಜೂರಾತಿಗೆ ಕಳಿಸುವವರು ಇಂಜಿನಿಯರ್. ಅವರನ್ನು ಕೊನೆಯಲ್ಲಿ ಭೇಟಿ ಮಾಡುವ ಬದಲು ಅಳತೆಗೆ ಹೋಗುವ ಮುಂಚೆಯೇ ಕಂಡು, ಯಾವ ನಮೂನೆಯಲ್ಲಿ ಕೊಟ್ಟರೆ ಅನುಕೂಲ ಎಂದು ಕೇಳಿ. ಅವರ ನಮೂನೆಯಲ್ಲೇ ಕೊಟ್ಟ ಅಳತೆಯನ್ನು ಅವರು ಒಮ್ಮೆ ಸ್ಥಳದಲ್ಲಿ ತಾಳೆ ನೋಡಿ ಬಳಸಿಕೊಳ್ಳಬಹುದು. ತಡೆಗೋಡೆ ಸೂಚಿಸುವುದಾದರೆ ಹಿಂಬದಿಯ ನೀರು ಹೊರಹೋಗುವ ಕಂಡಿಗಳನ್ನು ಚಿತ್ರದಲ್ಲೇ ತೋರಿಸಿ. ಗೋಡೆಯ ಹಿಂದೆ ನೀರು ನಿಂತು ಒತ್ತಿದರೆ ಎಂಥ ಕಾಂಕ್ರೀಟೂ ಮುಂದಕ್ಕೆ ವಾಲುತ್ತದೆ.

ಮೂರು ಪ್ರತಿ ಮಾಡಿ: ಪಂಚಾಯಿತಿಗೊಂದು, ಇಂಜಿನಿಯರಿಗೊಂದು, ಕಾಲೇಜಿನ ವಿಭಾಗಕ್ಕೊಂದು. ನಕ್ಷೆಯ ಮೂಲ ಕಡತಗಳು ಯಾರದೋ ಒಬ್ಬರ ಲ್ಯಾಪ್‌ಟಾಪಿನಲ್ಲಿ ಉಳಿಯಬಾರದು. ಪಂಚಾಯಿತಿಯ ಕಂಪ್ಯೂಟರಿಗೆ ಹಾಕಿ, ಡೇಟಾ ಎಂಟ್ರಿಯವರಿಗೆ ತೆರೆದು ತೋರಿಸಿ, ಅವರೇ ಒಮ್ಮೆ ತೆರೆಯುವಂತೆ ಮಾಡಿ. ಸ್ವೀಕೃತಿ ಪತ್ರ ಪಡೆದು, ಕ್ರಿಯಾ ಯೋಜನೆಯಲ್ಲಿ ನಿಮ್ಮ ಮೂರರಲ್ಲಿ ಯಾವುದು ಸೇರಿತು ಎಂದು ಫೆಬ್ರವರಿಯಲ್ಲಿ ಹೋಗಿ ಕೇಳಿ.

ಒಂದಾದರೂ ಕೆಲಸ ಮುಗಿದಿದ್ದರೆ ಮುಂದಿನ ಜೂನ್, ಜುಲೈ ಮಳೆಯಲ್ಲಿ ಮತ್ತೆ ಅಲ್ಲಿಗೆ ಹೋಗಿ. ನೀರು ಮೋರಿಯ ಬಾಯಿಗೆ ಸರಿಯಾಗಿ ಬರುತ್ತಿದೆಯೇ, ಕೆಳಬದಿಯಲ್ಲಿ ಮಣ್ಣು ಕೊರೆಯುತ್ತಿದೆಯೇ, ಕೆಳಗಿನ ಗದ್ದೆಯವರು ಏನು ಹೇಳುತ್ತಾರೆ ಎಂದು ಬರೆದುಕೊಂಡು, ಹೊಸ ಬ್ಯಾಚಿನ ಇಬ್ಬರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ ನೀರುಗಂಟಿಗೆ ಪರಿಚಯ ಮಾಡಿಸಿ. ಅಕ್ಟೋಬರಿನಲ್ಲಿ ಪಕ್ಕದ ವಾರ್ಡಿನ ಅಳತೆ ಅವರದು.